ಟೈ ಕಟ್ಟಿದ ಟೈಂಕೀಪರ್

ಮೊನ್ನೆ ರೇಷನ್ ಕಾರ್ಡು ಹುಡುಕಲೆಂದು ಹಳೆಯ ಟ್ರಂಕು ತೆಗೆದಾಗ ಅದರ ಅಡಿಯಲ್ಲಿ ಒಂದು ಟೈ ಸಿಕ್ಕಿತು. ಕಂದು ಬಣ್ಣದ್ದು. ಹಿಂದೆ ಎಲಾಸ್ಟಿಕ್ಕಿರುವ, ಕಾನ್ವೆಂಟಿಗೆ ಹೋಗುವ ಮಕ್ಕಳ ಕತ್ತಿಗೆ ತಾಯಂದಿರು ತುರುಕುವಂಥದ್ದು. ಎಲಾಸ್ಟಿಕ್ಕು ಹಳೆಯ ಸಂಡಿಗೆಯ ಹಾಗೆ ಮುಟ್ಟಿದರೆ ಮುರಿಯುತ್ತಿತ್ತು. ನನ್ನ ಹೆಂಡತಿ ಗಿರಿಜ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದನ್ನಿನ್ನೂ ಇಟ್ಕಂಡೀರಾ? ಕಿಟಕಿ ಒರಸಾಕೂ ಬರಂಗಿಲ್ಲ" ಎಂದಳು.

ಅವಳು ಹೇಳಿದ್ದು ಸರಿ. ಆದರೆ ನಲವತ್ತೆರಡನೆಯ ವಯಸ್ಸಿನಲ್ಲಿ, ಶಿಕಾರಿಪುರದ ಬಸ್ ನಿಲ್ದಾಣದ ಧೂಳಿನಲ್ಲಿ, ಊರಿನ ಅರ್ಧ ಜನ ನೋಡುತ್ತಿರುವಾಗ ನಾನು ಈ ಟೈ ಹಾಕಿಕೊಂಡು ನಿಂತಿದ್ದೆ. ಅಂಥ ಅವಮಾನವನ್ನು ಅಷ್ಟು ಸುಲಭವಾಗಿ ಎಸೆಯಲು ಮನಸ್ಸು ಬರುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಒಂದು ಖಾಸಗಿ ಬಸ್ ಕಂಪನಿಯಲ್ಲಿ ಟೈಂಕೀಪರ್ ಆಗಿದ್ದೆ. ಕಂಪನಿಯ ಹೆಸರು ಬೇಡ. ಅದು ಈಗ ಇಲ್ಲ, ಇದ್ದಾಗಲೂ ಹೆಸರು ಹೇಳಿ ಹೊಗಳುವಂಥದ್ದೇನೂ ಆಗಿರಲಿಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ, ಅಲ್ಲಿಂದ ಮುಂದೆ ಕುಪ್ಪಗಡ್ಡೆ ಕಡೆಗೆ ನಮ್ಮ ಬಸ್ಸುಗಳು ಓಡುತ್ತಿದ್ದವು. ಬಸ್ಸು ಬಂದ ಹೊತ್ತು ಬರೆದುಕೊಳ್ಳುವುದು, ಹೊರಡುವ ಹೊತ್ತಿಗೆ ಸೀಟಿ ಊದುವುದು, ಇವೆರಡರ ನಡುವೆ ಚಾಲಕರ ಬಾಯಲ್ಲಿ ಬೈಸಿಕೊಳ್ಳುವುದು ನನ್ನ ಕೆಲಸ.

ಈ ಕೆಲಸಕ್ಕೆ ನಾನು ಎಳವೆಯಲ್ಲೇ ತರಬೇತಿ ಪಡೆದಿದ್ದೆ. ಉಡುತಡಿಯ ನಮ್ಮ ಮನೆಯಂಗಳದಲ್ಲಿ ನಾವು ಮಕ್ಕಳು ಬಸ್ಸಾಟ ಆಡುತ್ತಿದ್ದೆವು. ಅಣ್ಣ ಮೊರ ಹಿಡಿದು ಡ್ರೈವರ್. ಅಕ್ಕ ಬಾಯಲ್ಲಿ ಎರಡು ಬೆರಳಿಟ್ಟು ಸೀಟಿ ಹೊಡೆಯಬಲ್ಲವಳು, ಆದ್ದರಿಂದ ಅವಳು ಕಂಡಕ್ಟರ್. ಪಕ್ಕದ ಮನೆಯ ಮಕ್ಕಳೆಲ್ಲ ಹಗ್ಗದೊಳಗೆ ನಿಂತ ಪ್ರಯಾಣಿಕರು. ನನಗೆ ಹಗ್ಗದಲ್ಲಿ ಜಾಗ ಸಾಲುತ್ತಿರಲಿಲ್ಲ. "ನೀನು ಬಸ್ ಸ್ಟ್ಯಾಂಡ್ ಆಗು" ಅನ್ನುತ್ತಿದ್ದ ಅಣ್ಣ. ಅವರೆಲ್ಲ ಬಣವೆ ಸುತ್ತಿ ಕೂಗುತ್ತ ಬರುವ ತನಕ ನಾನು ಅಲುಗದೆ ನಿಂತಿರಬೇಕು. ಅಲುಗಿದರೆ ಬೈಗುಳ, ಏಕೆಂದರೆ ಸ್ಟ್ಯಾಂಡು ಅಲುಗುವುದಿಲ್ಲವಲ್ಲ. ಮುಂದೆ ಅದನ್ನೇ ಸಂಬಳ ಕೊಟ್ಟು ಮಾಡಿಸಿದರು.

ನಮ್ಮ ಮಾಲೀಕರು ಗುರುಬಸಪ್ಪ ಸಾವ್ಕಾರರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು ಬುಕಿಂಗ್ ಕೋಣೆಯ ಮುಂದಿನ ಮರದ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಅವರ ಆಡಳಿತದ ವಿಧಾನ ಒಂದೇ: ಕೂಗುವುದು. ತಪ್ಪು ಮಾಡಿದವನನ್ನು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿ ಬೈಯುವರು, ಹತ್ತು ನಿಮಿಷದ ಮೇಲೆ ಅವನಿಗೇ ಚಾ ತರಿಸುವರು. ಒತ್ತಡ ಎನ್ನುವ ಮಾತನ್ನು ನಾವಾಗ ಟೈರಿನ ಗಾಳಿಗೆ ಮಾತ್ರ ಬಳಸುತ್ತಿದ್ದೆವು.

ಹೀಗಿರುವಾಗ ಸಾವ್ಕಾರರಿಗೆ ಸಕ್ಕರೆ ಕಾಯಿಲೆ ಜೋರಾಗಿ ಅವರು ಮನೆ ಹಿಡಿದರು. ಕಂಪನಿ ಅಳಿಯ ಮಹಾಂತೇಶನ ಕೈಗೆ ಬಂತು. ಅವನು ಪುಣೆಯಲ್ಲಿ ಎಂ.ಬಿ.ಎ. ಓದಿದವನು. ಬಿಳಿ ಶರ್ಟು, ಕೈಯಲ್ಲೊಂದು ತೆಳ್ಳನೆಯ ಸೂಟ್‌ಕೇಸು. ಬಂದ ಮೊದಲ ವಾರ ಮಾವ ಕೂರುತ್ತಿದ್ದ ಕುರ್ಚಿಯನ್ನು ಗುಜರಿಗೆ ಹಾಕಿಸಿ, ಕೋಣೆಗೆ ಗಾಜಿನ ಬಾಗಿಲು ಇಡಿಸಿದ. ಎರಡನೆಯ ವಾರ ನಮ್ಮನ್ನೆಲ್ಲ ಶೆಡ್ಡಿನಲ್ಲಿ ಕೂಡಿಸಿ, "ಇನ್ನು ಮುಂದೆ ಇದು ಬಸ್ ಕಂಪನಿ ಅಲ್ಲ. ಇದು ಸೇವಾ ಸಂಸ್ಥೆ. ನಾವೆಲ್ಲ ಬದಲಾಗಬೇಕು" ಎಂದ.

ಬದಲಾವಣೆ ಹೆಸರುಗಳಿಂದ ಆರಂಭವಾಯಿತು. ನಾನು ಸಮಯ ನಿರ್ವಹಣಾಧಿಕಾರಿಯಾದೆ. ಕಂಡಕ್ಟರುಗಳು ಪ್ರಯಾಣಿಕ ಮಿತ್ರರಾದರು. ನಲವತ್ತು ದಾಟಿದ ನಮ್ಮ ಕ್ಲೀನರ್ ಬಸ್ಯಾ, ಸ್ವಚ್ಛತಾ ಸಹಾಯಕನಾದ. ಅವನು ಆ ಪತ್ರವನ್ನು ಮನೆಯಲ್ಲಿ ಓದಿಸಿದಾಗ ಅವನ ತಾಯಿ, ಮಗನನ್ನು ಬಸ್ಸಿನಿಂದ ಇಳಿಸಿ ಚರಂಡಿ ಬಳಿಯಲು ಹಾಕಿದ್ದಾರೆ ಅಂದುಕೊಂಡು ಅತ್ತುಬಿಟ್ಟಳಂತೆ. ಹೆಸರಿನ ಹಿಂದೆಯೇ ಟೈ ಬಂತು. ಕಂಡಕ್ಟರುಗಳ ಟೈ ಕಿಕ್ಕಿರಿದ ಬಸ್ಸಿನಲ್ಲಿ ಯಾವುದೋ ಕೋಳಿ ಬುಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ನನ್ನದು ಮಾತ್ರ ಎಲ್ಲಿಗೂ ಸಿಕ್ಕದೆ ಹೊಟ್ಟೆಯ ಮೇಲೆ ಹಾಯಾಗಿ ಮಲಗಿರುತ್ತಿತ್ತು.

ಇದೆಲ್ಲ ನಗೆಯ ಮಾತು. ನಗು ನಿಂತದ್ದು ವಿಳಂಬ ಪತ್ರ ಬಂದ ಮೇಲೆ. ಬಸ್ಸು ಐದು ನಿಮಿಷ ತಡವಾದರೂ ಮೂರು ಪ್ರತಿಗಳಲ್ಲಿ ಕಾರಣ ಬರೆಯಬೇಕು. ಕಾರಣಗಳನ್ನು ಮಹಾಂತೇಶ ಅಚ್ಚು ಹಾಕಿಸಿಯೇ ಇಟ್ಟಿದ್ದ: ಟೈರು, ಇಂಜಿನ್ನು, ಮಳೆ, ಅಪಘಾತ, ಇನ್ನೇನೇನೋ. ಕೊನೆಯಲ್ಲಿ 'ಇತರೆ'. ಸೊರಬದ ಬಸ್ಸಿನ ಡ್ರೈವರ್ ಹುಚ್ಚರಾಯಪ್ಪ ಇಳಿದು ಬಂದು ನನ್ನ ಮೇಜಿಗೆ ಒರಗಿ ನಿಲ್ಲುವನು. ನನಗಿಂತ ಹತ್ತು ವರ್ಷ ದೊಡ್ಡವನು, ಹುರಿಮೀಸೆ, ಸಾವ್ಕಾರರ ಮೊದಲ ಬಸ್ಸಿನಿಂದಲೂ ಇದ್ದವನು.

"ಬರಿ. ಕುರಿ."

"ಕುರಿ ಇದರಾಗೆ ಇಲ್ಲಣ್ಣ."

"ಇದರಾಗೆ ಇಲ್ದಿದ್ರೆ ಏನಾತು, ರೋಡಿನಾಗೆ ಇದ್ವಲ್ಲ! ಇನ್ನೂರು ಕುರಿ. ಕುರುಬ ನಡುವೆ ನಿಂತು ಬೀಡಿ ಹಚ್ತಿದ್ದ."

ನಾನು 'ಇತರೆ'ಗೆ ಗುರುತು ಹಾಕುತ್ತಿದ್ದೆ. ತಿಂಗಳ ಕೊನೆಗೆ ಮಹಾಂತೇಶ ಪತ್ರಗಳ ಕಟ್ಟನ್ನು ಮೇಜಿನ ಮೇಲೆ ಕುಟ್ಟಿ, "ಮಿಸ್ಟರ್ ಚಂದ್ರಪ್ಪ, ಈ ಇತರೆ ಯಾಕೆ ಇಷ್ಟು ಬೆಳೀತಾ ಇದೆ?" ಎಂದು ಕೇಳಿದ. ಕುರಿಗಳು ಮರಿ ಹಾಕುತ್ತವೆ ಸಾರ್ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಟೈ ಅದನ್ನು ಗಂಟಲಲ್ಲೇ ತಡೆಯಿತು.

ನನಗೆ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಊಟಕ್ಕೆ ಕೂತರೂ ಗಡಿಯಾರ ನೋಡುವ ಚಟ ಹತ್ತಿತು. ಒಮ್ಮೆ ಗಿರಿಜ ಸಾರು ತರುವುದು ತಡವಾದಾಗ ನಾನು, "ಆರು ನಿಮಿಷ ಲೇಟು, ಕಾರಣ?" ಎಂದು ಕೇಳಿದೆನಂತೆ. ಅವಳು ಸಾರಿನ ಪಾತ್ರೆ ಕೆಳಗಿಟ್ಟು, "ಇತರೆ ಅಂತ ಬರ್ಕಳ್ರಿ" ಎಂದಳು. ಇತರರ ಮನೆಯಲ್ಲೂ ಇದೇ ಪಾಡು. ಒಬ್ಬ ಕಂಡಕ್ಟರಿಗೆ ತಲೆಸುತ್ತು, ಇನ್ನೊಬ್ಬನಿಗೆ ಬಿ.ಪಿ. ಯಾರಾದರೂ ರಜೆ ಕೇಳಿದರೆ ಅದಕ್ಕೂ ಒಂದು ಫಾರಂ.

ಇದನ್ನು ಮಹಾಂತೇಶ ಗಮನಿಸಲಿಲ್ಲವೆಂದು ಹೇಳಲಾರೆ. ಗಮನಿಸಿದ, ಗಮನಿಸಿ ನಮ್ಮ ಒತ್ತಡ ಕಳೆಯಲು ಒಂದು ಶಿಬಿರ ಏರ್ಪಡಿಸಿದ. ಅದಕ್ಕೆ ಆರಿಸಿದ್ದು ಭಾನುವಾರ, ಅಂದರೆ ನಮ್ಮಲ್ಲಿ ಕೆಲವರಿಗೆ ವಾರದಲ್ಲಿ ಒತ್ತಡವಿಲ್ಲದ ಒಂದೇ ದಿನ.

ಕಲ್ಯಾಣ ಮಂಟಪದಲ್ಲಿ ಶಿಬಿರ. ಬೆಂಗಳೂರಿನಿಂದ ಒಬ್ಬ ಪ್ರೊಫೆಸರು ಬಂದಿದ್ದರು. ಮೆತ್ತನೆಯ ದನಿ. ಮೊದಲು ನಮ್ಮನ್ನು ನೆಲದ ಮೇಲೆ ಮಲಗಿಸಿ ಕಣ್ಣು ಮುಚ್ಚಿಸಿದರು. "ನೀವೀಗ ಒಂದು ನದಿಯ ದಡದಲ್ಲಿದ್ದೀರಿ. ನಿಧಾನವಾಗಿ ಉಸಿರು ಒಳಗೆ ತಗೊಳ್ಳಿ." ಮೂರನೆಯ ಉಸಿರಿಗೆ ಹುಚ್ಚರಾಯಪ್ಪನ ಗೊರಕೆ ಕೇಳಿಬಂತು. ಪ್ರೊಫೆಸರರು ಅದನ್ನು ಪೂರ್ಣ ವಿಶ್ರಾಂತಿಯ ಉದಾಹರಣೆಯೆಂದು ಎಲ್ಲರಿಗೂ ತೋರಿಸಿದರು. ಆಮೇಲೆ ಬದಲಾವಣೆಯ ಬಗ್ಗೆ ಉಪನ್ಯಾಸ. ಬದಲಾವಣೆಗೆ ಹೆದರುವವನು ತನ್ನ ಮನಸ್ಸನ್ನೇ ಬದಲಿಸಿಕೊಳ್ಳಬೇಕು ಎನ್ನುವುದು ಅದರ ಸಾರ. ಫಾರಂ ಬದಲಿಸುವ ಮಾತು ಎಲ್ಲೂ ಬರಲಿಲ್ಲ.

ಕೊನೆಗೆ ಅವರು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. "ನಿಮ್ಮನ್ನು ಕಾಡುವ ಒಂದು ಭಯವನ್ನು ಇದರಲ್ಲಿ ಬರೆದು ಪೆಟ್ಟಿಗೆಗೆ ಹಾಕಿ. ಹೆಸರು ಬೇಡ. ಯಾರು ಬರೆದದ್ದೆಂದು ಯಾರಿಗೂ ತಿಳಿಯುವುದಿಲ್ಲ. ಭಯ ಹೊರಗೆ ಬಂದರೆ ಅರ್ಧ ಒತ್ತಡ ಹೋದಂತೆ."

ಇಲ್ಲಿ ನನ್ನ ಒಂದು ದೌರ್ಬಲ್ಯ ಹೇಳಬೇಕು. ನನ್ನ ಅಕ್ಷರ ಚೆಂದ. ಚೆಂದವೆಂದರೆ ನಮ್ಮ ಬಸ್ಸುಗಳ ಹಣೆಯ ಮೇಲೆ ಊರ ಹೆಸರುಗಳನ್ನು ಬರೆದದ್ದು ನಾನೇ. ಸೊರಬದ 'ಸೊ'ಗೆ ನಾನು ಹಾಕುವ ಕೊಂಬು ನೋಡಿ ಜನ ನಿಂತು ಹೊಗಳಿದ್ದುಂಟು. ಹೀಗಾಗಿ ಬರೆಯಲು ಬೇಸರವಿದ್ದವರು, ಬಾರದವರು, ಒಬ್ಬೊಬ್ಬರಾಗಿ ಚೀಟಿ ಹಿಡಿದು ನನ್ನ ಬಳಿ ಬಂದರು. ನಾನು ಹೊಗಳಿಕೆಗೆ ಕರಗುವ ಜಾತಿ. ಕಂಬದ ಮರೆಯಲ್ಲಿ ಕೂತು, ಅವರು ಕಿವಿಯಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಟ್ಟೆ. ನನ್ನದೂ ಸೇರಿ ಏಳು ಚೀಟಿ. ಏಳೂ ನನ್ನ ನೇರಳೆ ಶಾಯಿಯ ಪೆನ್ನಿನಲ್ಲಿ.

ನನ್ನದರಲ್ಲಿ ನಾನು ಬರೆದದ್ದು: 'ಒಮ್ಮೆಯೂ ಬಸ್ಸಿನಲ್ಲಿ ಕೂರದ ಸಾಹೇಬರು ಬಸ್ಸು ನಡೆಸುವುದೇ ನಮ್ಮ ಭಯ.' ಬರೆದು, ಮತ್ತೊಮ್ಮೆ ಓದಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹುಚ್ಚರಾಯಪ್ಪ ಎಲ್ಲರಿಗಿಂತ ಕೊನೆಗೆ ಬಂದ. ಸುತ್ತ ನೋಡಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಬರಿ" ಎಂದ. "ಮುಸ್ಸಂಜೆ ಹೊತ್ತಿಗೆ ಕಣ್ಣು ಮಂಜಾಗ್ತಾವೆ. ಹೇಳಿದ್ರೆ ಗಾಡಿಯಿಂದ ಇಳಿಸ್ತಾರೆ."

ನಾನು ತಲೆಯೆತ್ತಿ ಅವನನ್ನು ನೋಡಿದೆ. ಅವನು ಮಂಟಪದ ಬಾಗಿಲ ಕಡೆ ನೋಡುತ್ತಿದ್ದ. "ಅಷ್ಟೇ. ಹಾಕಿಬಾ" ಎಂದು ಎದ್ದು ಹೋದ.

ಅಂದು ಸಂಜೆ ಪ್ರೊಫೆಸರರು ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದರು. ಅದು ನಮ್ಮ ಕಂಪನಿಯದಲ್ಲ, ಆದರೂ ಆಗ ಸ್ಟ್ಯಾಂಡಿನಲ್ಲಿ ಟೈ ಕಟ್ಟಿದ್ದವನು ನಾನೊಬ್ಬನೇ ಆದ್ದರಿಂದ ನನ್ನನ್ನೇ ಹಿಡಿದುಕೊಂಡರು. ಬಸ್ಸು ಇಪ್ಪತ್ತು ನಿಮಿಷ ತಡವಾಗಿತ್ತು, ಅವರಿಗೆ ರೈಲು ತಪ್ಪುವಂತಿತ್ತು. ಮೆತ್ತನೆಯ ದನಿ ಎಲ್ಲಿಗೋ ಹೋಗಿತ್ತು. "ಏನ್ರೀ ಇದು, ಊರಾ ಇದು? ಜವಾಬ್ದಾರಿ ಇದೆಯೇನ್ರೀ ನಿಮಗೆ?" ಎಂದು ಕುಣಿದಾಡಿದರು. ನಾನು ವಿನಯದಿಂದ, "ಉಸಿರು ಒಳಗೆ ತಗೊಳ್ರಿ ಸಾರ್" ಎಂದೆ. ಅವರು ನನ್ನ ಕಡೆ ನೋಡಿದ ನೋಟದಲ್ಲಿ ನದಿಯೂ ಇರಲಿಲ್ಲ, ದಡವೂ ಇರಲಿಲ್ಲ.

ಮೂರು ದಿನದ ಮೇಲೆ ಗಾಜಿನ ಬಾಗಿಲೊಳಗಿನಿಂದ ನನಗೆ ಕರೆ ಬಂತು. ಮೇಜಿನ ಮೇಲೆ ಏಳು ಚೀಟಿಗಳು ಇಸ್ಪೀಟಿನೆಲೆಯ ಹಾಗೆ ಹರಡಿದ್ದವು. ಯಾರಿಗೂ ತಿಳಿಯದ ಗುಟ್ಟು ಪೆಟ್ಟಿಗೆಯ ಸಮೇತ ಮಹಾಂತೇಶನ ಕೈಗೆ ಬಂದಿತ್ತು.

"ಏಳೂ ನಿಮ್ಮ ಅಕ್ಷರ."

"ಹೌದು ಸಾರ್."

"ಅಂದರೆ ನೀವೊಬ್ಬರೇ ಏಳು ಚೀಟಿ ಹಾಕಿದ್ದೀರಿ. ಸಂಸ್ಥೆಯ ವಿರುದ್ಧ ಅಭಿಯಾನ."

"ಇಲ್ಲ ಸಾರ್. ಬೇರೆಯವರದ್ದು ಬರೆದುಕೊಟ್ಟೆ."

"ಯಾರ ಯಾರದ್ದು?" ಅವನು ಒಂದು ಚೀಟಿಯ ಮೇಲೆ ಬೆರಳಿಟ್ಟ. ಬಸ್ಸಿನಲ್ಲಿ ಕೂರದ ಸಾಹೇಬರ ಚೀಟಿ. "ಇದು ಯಾರದು?"

ವೀರನಂತೆ ಎದೆಯುಬ್ಬಿಸಿ 'ನನ್ನದು' ಎಂದೆನೆಂದು ನಿಮಗೆ ಹೇಳಬಹುದಿತ್ತು. ಆದರೆ ಗಿರಿಜ ಇದನ್ನು ಓದುತ್ತಾಳೆ, ಅವಳಿಗೆ ನಿಜ ಗೊತ್ತು. "ಮರೆತುಹೋಗಿದೆ ಸಾರ್" ಎಂದೆ. ಅವನು ಬೆರಳಿಟ್ಟ ಬೇರೆ ಚೀಟಿಗಳಿಗೂ ಅದನ್ನೇ ಹೇಳಿದೆ. ಅಷ್ಟರಲ್ಲಿ ನನ್ನ ಕಣ್ಣು ಕಣ್ಣಿನ ಚೀಟಿಯ ಮೇಲೆ ಬಿತ್ತು. ಇದನ್ನು ಯಾರು ಬರೆಸಿದರೆಂದು ಖಂಡಿತ ಕೇಳುತ್ತಾನೆ, ಕೇಳಿದರೆ ಏನು ಹೇಳಲಿ ಎಂದು ಬೆವರಿದೆ. ಕೇಳಲೇಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ಮಹಾಂತೇಶ ಅದನ್ನು ಎತ್ತಿ ಓದಿದ. "ಇದು ಆರೋಗ್ಯದ ವಿಷಯ, ವಿಷಯಾಂತರ" ಎಂದು ಪಕ್ಕಕ್ಕೆ ಸರಿಸಿ, ಮತ್ತೆ ಸಾಹೇಬರ ಚೀಟಿಗೆ ಬಂದ.

ಹೊರಗೆ ಬಂದಾಗ ಬದುಕಿದೆ ಅನ್ನಿಸಿತು. ಗುಟ್ಟು ಕಾಪಾಡಿದೆನೆಂಬ ಹೆಮ್ಮೆಯಲ್ಲಿ ಒಂದು ಚಾ ಕೂಡ ಕುಡಿದೆ. ಚಾ ಮುಗಿಯುವ ಮೊದಲೇ ಹೆಮ್ಮೆ ಮುಗಿಯಿತು. ಆ ಕಣ್ಣು ಯಾರದೆಂದು ಗೊತ್ತಿದ್ದವರು ಈಗ ಊರಲ್ಲಿ ಇಬ್ಬರೇ. ಒಬ್ಬ ಸ್ಟೇರಿಂಗ್ ಹಿಡಿಯುವವನು. ಇನ್ನೊಬ್ಬ, ಹೋಗು ಎಂದು ಸೀಟಿ ಊದುವವನು.

ಚಳಿಗಾಲದ ದಿನ. ಸೊರಬದ ಬಸ್ಸು ಹೊರಡುವುದು ಸಂಜೆ ಐದೂ ಮುಕ್ಕಾಲಿಗೆ. ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ಕತ್ತಲು. ಅಂದು ಬಸ್ಸು ತುಂಬಿತ್ತು. ಕಂಡಕ್ಟರ್ ರೈಟ್ ಹೇಳಿದ. ಹುಚ್ಚರಾಯಪ್ಪ ಇಂಜಿನ್ ಶುರು ಮಾಡಿ ನನ್ನ ಕಡೆಗೆ ತಿರುಗಿದ. ನಾನು ಸೀಟಿ ಬಾಯಿಗಿಟ್ಟೆ. ಊದಲಾಗಲಿಲ್ಲ.

ಬಸ್ಸಿನ ಮುಂದೆ ಹೋಗಿ ನಿಂತೆ. ಅಷ್ಟು ವರ್ಷದಲ್ಲಿ ನಾನೇ ಒಂದು ಬಸ್ಸನ್ನು ತಡೆದದ್ದು ಅದೇ ಮೊದಲು.

"ಯಾರನ್ನ ಕಾಯ್ತೀರ್ರೀ? ಬಿಡ್ರಿ ಬಸ್ಸು!" ಕಿಟಕಿಯಿಂದ ಒಬ್ಬ ಹೆಂಗಸು ಕೂಗಿದಳು. "ಟೈ ಬಂದ್ಮೇಲೆ ಟೈಮೇ ಇಲ್ಲ ನೋಡ್ರಿ ಇವ್ರಿಗೆ" ಎಂದು ಇನ್ಯಾರೋ. ಬಸ್ಸೆಲ್ಲ ನಕ್ಕಿತು. ಹುಚ್ಚರಾಯಪ್ಪ ಇಳಿದು ನನ್ನ ಹತ್ತಿರ ಬಂದ.

"ಏನಲೇ ನಿಂದು?"

"ಅಣ್ಣ, ಇವತ್ತು ಬೇಡ. ನಾಳೆ ಬೆಳಗಿನ ಟ್ರಿಪ್ ತಗಾ. ಇವತ್ತು ಸ್ಪೇರ್ ಡ್ರೈವರ್ ಹೋಗ್ಲಿ."

ಅವನಿಗೆ ತಕ್ಷಣ ಅರ್ಥವಾಯಿತು. ಮುಖ ಕೆಂಪಾಯಿತು. ದನಿ ತಗ್ಗಿಸಿ, ಹಲ್ಲು ಕಚ್ಚಿ, "ನಾ ಚೀಟಿಗೆ ಹೇಳಿದ್ದು, ನಿನಗಲ್ಲ" ಎಂದ.

ತೋಚಿದ್ದನ್ನು ಮಾಡಿದೆ. ಎದುರಿನ ಅಂಗಡಿಯ ಬೋರ್ಡು ತೋರಿಸಿ, "ಅದನ್ನ ಓದು ನೋಡಾಣ" ಎಂದೆ.

"ಓದಾಕೆ ನಂಗೆ ಹಗಲಾಗೂ ಬರಲ್ಲ. ಗೊತ್ತಿಲ್ವಾ ನಿನಗೆ?"

ಇಂಥ ಹೊತ್ತಿನಲ್ಲೂ ಪೆಚ್ಚಾಗುವುದು ನನ್ನ ಹಣೆಬರಹ. ಸುತ್ತ ನೋಡಿ, ಮೂವತ್ತು ಹೆಜ್ಜೆ ಆಚೆ ಇದ್ದ ಆಲದ ಮರಕ್ಕೆ ಕೈ ತೋರಿಸಿದೆ. "ಸರಿ, ಆ ಮರದ ಕೆಳಗೆ ಏನೈತಿ ಹೇಳು."

ಅವನು ಕಣ್ಣು ಕಿರಿದು ಮಾಡಿ ನೋಡಿದ. ತುಂಬ ಹೊತ್ತು ನೋಡಿದ. "ಯಾರೋ ಹೆಂಗಸು ನಿಂತಾಳೆ. ಬಸ್ಸಿಗೆ ಕಾಯ್ತಾಳೆ."

ಅವನು ನನ್ನ ಮುಖದ ಕಡೆ ತಿರುಗಿ, ಮತ್ತೆ ಮರದ ಕಡೆ ನೋಡಿ, ತಾನೇ ಹೆಜ್ಜೆ ಹಾಕಿ ಅಲ್ಲಿಗೆ ಹೋದ. ಅದು ಕಬ್ಬಿನಹಾಲಿನ ಗಾಣ. ವ್ಯಾಪಾರ ಮುಗಿಸಿ ಅದಕ್ಕೊಂದು ಹಳೆಯ ಸೀರೆ ಹೊದಿಸಿ ಹೋಗಿದ್ದರು. ಹುಚ್ಚರಾಯಪ್ಪ ಸೀರೆಯ ಅಂಚನ್ನು ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಅಲ್ಲೇ ನಿಂತ. ಬಸ್ಸಿನವರು ಕೂಗುತ್ತಲೇ ಇದ್ದರು. ಅವನು ವಾಪಸು ಬಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಕುಕ್ಕಿ ನಡೆದುಬಿಟ್ಟ.

ಚಾದಂಗಡಿಯಿಂದ ಸ್ಪೇರ್ ಡ್ರೈವರನ್ನು ಎಬ್ಬಿಸಿ ಕರೆತಂದು ಬಸ್ಸು ಬಿಡುವಾಗ ನಲವತ್ತು ನಿಮಿಷ ತಡ. ವಿಳಂಬ ಪತ್ರ ತೆಗೆದು, ಕಾರಣದ ಜಾಗದಲ್ಲಿ ನನ್ನ ಚೆಂದದ ಅಕ್ಷರದಲ್ಲಿ 'ಟೈಂಕೀಪರ್' ಎಂದು ಬರೆದೆ.

ಮರುದಿನ ಮಹಾಂತೇಶ ವಿವರಣೆ ಕೇಳಿದ. ತಪ್ಪು ನನ್ನದೇ, ಬೇರೆ ವಿವರಣೆ ಇಲ್ಲ ಎಂದೆ. ಅವನಿಗೆ ಬೇಕಾಗಿದ್ದುದೂ ಅದೇ. ಸೊರಬದ ಕೌಂಟರಿಗೆ ವರ್ಗ ಮಾಡಿದ. ಪತ್ರದಲ್ಲಿ ಅದನ್ನು 'ಹೊಸ ಸವಾಲಿನ ಅವಕಾಶ' ಎಂದು ಬರೆದಿದ್ದ. ಅಲ್ಲಿ ಆಗಲೇ ಒಬ್ಬ ಏಜೆಂಟಿದ್ದ, ಸುಬ್ರಾಯ. ಕೌಂಟರೆಂದರೆ ಒಂದು ಬೆಂಚು, ಒಂದು ಕಿಂಡಿ. ನಾನು ನನ್ನ ಕಥೆಯನ್ನೆಲ್ಲ ಹೇಳಿಕೊಂಡಾಗ ಅವನು ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, "ಎಂತ ಮಾರಾಯ್ರೆ, ನಿಮ್ಮನ್ನ ಇಲ್ಲಿಗೆ ಹಾಕಿದ್ದು ಶಿಕ್ಷೆಗಾ? ಹಂಗಾದ್ರೆ ನಾನು ಹದಿನೈದು ವರ್ಷದಿಂದ ಎಂತ ತಪ್ಪು ಮಾಡಿದ್ದೆ?" ಎಂದು ಕೇಳಿದ. ಅವನ ಜೊತೆ ಕೂತು ಕೂತು ನನ್ನ ಹೊಟ್ಟೆಯ ಉರಿ ಯಾವಾಗ ಹೋಯಿತೋ ತಿಳಿಯಲಿಲ್ಲ.

ಸುದ್ದಿಗಳು ಬಸ್ಸಿನಲ್ಲೇ ಬರುತ್ತಿದ್ದವು. ಬೀಗದ ಕೈ ಕೊಟ್ಟ ಮರುದಿನ ಬೆಳಿಗ್ಗೆ ಹುಚ್ಚರಾಯಪ್ಪ ನೇರ ಗುರುಬಸಪ್ಪ ಸಾವ್ಕಾರರ ಮನೆಗೆ ಹೋಗಿ ತಾನೇ ಎಲ್ಲ ಹೇಳಿದನಂತೆ. ಸಾವ್ಕಾರರು ಹಾಸಿಗೆಯಲ್ಲಿ ಕೂತೇ, ಓಣಿಗೆಲ್ಲ ಕೇಳುವಂತೆ ಬೈದರಂತೆ. ಬೈದು, ಮಧ್ಯಾಹ್ನದ ಬಸ್ಸಿಗೇ ಜೊತೆಗೊಬ್ಬರನ್ನು ಮಾಡಿ ಶಿವಮೊಗ್ಗದ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದರಂತೆ. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಆಯಿತು. ಗಾಡಿ ಹೋಯಿತು, ಆದರೆ ಡ್ರೈವರುಗಳ ಡ್ಯೂಟಿ ಹಂಚುವ ಕೆಲಸ ಸಿಕ್ಕಿತು. ಮಹಾಂತೇಶ ಏಳೆಂಟು ತಿಂಗಳಲ್ಲಿ ಬೇಸತ್ತು, ಪಂಪ್‌ಸೆಟ್ಟಿನ ಏಜೆನ್ಸಿ ಹಿಡಿದು ಹುಬ್ಬಳ್ಳಿಗೆ ಹೋದ. ವಿಳಂಬ ಪತ್ರದ ಉಳಿದ ಕಟ್ಟುಗಳಲ್ಲಿ ಸ್ಟ್ಯಾಂಡಿನ ಮಂಡಕ್ಕಿಯವನು ಮೆಣಸಿನಕಾಯಿ ಕಟ್ಟಿಕೊಟ್ಟ. ನನಗೆ ವಾಪಸು ಬರಲು ಹೇಳಿ ಕಳಿಸಿದರು; ನಾನೇ ಒಲ್ಲೆನೆಂದೆ.

ಒಂದೇ ಒಂದು ಸುದ್ದಿ ಮಾತ್ರ ಬರಲಿಲ್ಲ. ಹುಚ್ಚರಾಯಪ್ಪ ನನ್ನ ಬಗ್ಗೆ ಏನಾದರೂ ಅಂದನೆ ಎಂದು ಪ್ರತಿ ಕಂಡಕ್ಟರನ್ನೂ ಕೇಳುತ್ತಿದ್ದೆ. "ನಿಮ್ಮ ಹೆಸರು ಎತ್ತಿದ್ರೆ ಎದ್ದು ಹೋಕ್ತಾನ್ರೀ" ಎನ್ನುತ್ತಿದ್ದರು. ಬೇರೆಯವನ ಗುಟ್ಟನ್ನು ಬಾಯಿ ಬಿಡದೆಯೇ ಬಯಲು ಮಾಡಿದ ಪಾಪಿ ನಾನು, ಇನ್ನೇನು ಅಂದಾನು?

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಶಿಕಾರಿಪುರದ ಬಸ್ಸಿನಿಂದ ಅವನು ಇಳಿದ. ಮಗಳನ್ನು ಕುಬಟೂರಿಗೆ ಕೊಟ್ಟಿದ್ದ, ಅಲ್ಲಿಗೆ ಹೊರಟಿದ್ದ. ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದರ ಹಿಂದೆ ಕಣ್ಣುಗಳು ಎರಡರಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಕಿಂಡಿಯ ಹತ್ತಿರ ಬಂದು ನಿಂತು, ನನ್ನನ್ನು ದಿಟ್ಟಿಸಿ ನೋಡತೊಡಗಿದ. ನಾನು ಟಿಕೆಟ್ಟಿನ ಕಟ್ಟನ್ನು ಸರಿ ಮಾಡುತ್ತ ಕೂತೆ.

"ಲೇ ಚಂದ್ರಾ" ಎಂದ ಕೊನೆಗೆ. "ನಿಂಗೆ ಇಷ್ಟು ವಯಸ್ಸಾಗೈತೇನಲೇ?"

ಸುಬ್ರಾಯ ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು. "ಒಂದು ವರ್ಷಕ್ಕೆ ಏನು ಮಹಾ ಆಗುತ್ತಣ್ಣ" ಎಂದೆ.

"ಒಂದು ವರ್ಷದ ಲೆಕ್ಕ ಅಲ್ಲಲೇ. ಗಾಡಿ ಇಳಿದ ದಿನಕ್ಕೇ ನಿನ್ನ ಮುಖ ನೆಟ್ಟಗೆ ಕಂಡು ಮೂರು ವರ್ಷದ ಮೇಲಾಗಿತ್ತು. ಸಂಜೀ ಮುಂದೆ ಬರೀ ಸೀಟಿ ಕೇಳಿಸ್ಕಂಡು ಗಾಡಿ ಬಿಡ್ತಿದ್ದೆ."

ಸುಬ್ರಾಯನ ನಗು ಅರ್ಧಕ್ಕೇ ನಿಂತಿತು. ಮೂರು ವರ್ಷ. ಒಂದು ನಿಮಿಷ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಗಡಿಯಾರ ನೋಡಿ, ನಾನು ದಿನವೂ ಅವನನ್ನು ಆ ಕತ್ತಲೆಗೆ ಕಳಿಸಿದ್ದೆ.

ಹುಚ್ಚರಾಯಪ್ಪ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. "ಏಳಲೇ, ಚಾ ಕುಡಿಯಾಣ. ಕುಬಟೂರಿನ ಬಸ್ಸಿಗೆ ಇನ್ನೂ ಹೊತ್ತೈತಿ" ಎಂದು, ನನಗೆ ಕಾಯದೆ, ರಸ್ತೆಯ ಎರಡೂ ಬದಿಗೆ ಚೆನ್ನಾಗಿ ನೋಡಿ, ದಾಟಿ ಹೋದ.